ಮೈಮೇಲೆ ಒಯ್ಯುವ ಸಣ್ಣ ಕೈಬಂದೂಕು: ಚಿಕ್ಕೋಡಿ ಭಾಗದ ಪರವಾನಗಿದಾರರು ಆಯ್ಕೆಗೆ ಮುನ್ನ ತಿಳಿಯಬೇಕಾದದ್ದು

ಕೈಬಂದೂಕಿನಲ್ಲಿ ಎರಡು ಬಗೆ, ರಿವಾಲ್ವರ್ ಮತ್ತು ಪಿಸ್ತೂಲು. ದಿನವಿಡೀ ಬಟ್ಟೆಯ ಒಳಗೆ ಯಾರಿಗೂ ಕಾಣದಂತೆ ಒಯ್ಯುವುದಕ್ಕೆ ಇವುಗಳಲ್ಲಿ ಗಾತ್ರ ಸಣ್ಣದಿರುವವನ್ನೇ ಆರಿಸಿಕೊಳ್ಳುತ್ತಾರೆ. ಕೆಲವು ದೇಶಗಳಲ್ಲಿ ಆಯುಧವನ್ನು ಮರೆಮಾಡಿ ಒಯ್ಯುವುದಕ್ಕೇ ಬೇರೆ ಅನುಮತಿ ಬೇಕು. ಭಾರತದಲ್ಲಿ ಮರೆಮಾಡದೆ ಒಯ್ಯುವಂತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಅದಕ್ಕೆಂದೇ ಮಾಡಿದ, ಮೈಗೆ ಕಟ್ಟಿಕೊಂಡ ಹೋಲ್‌ಸ್ಟರ್‌ನಲ್ಲಿ ಇಲ್ಲವೇ ಹೆಗಲ ಚೀಲದಂಥ ಹೊದಿಕೆಯಲ್ಲಿ ಇರಬೇಕು. ಆಯುಧ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿಯೂ ಇರಬೇಕು. ಯಾವ ಮಾದರಿ, ಎಷ್ಟು ತೂಕ, ಎಂಥ ಹೋಲ್‌ಸ್ಟರ್, ಎಲ್ಲಿ ಕಟ್ಟಿಕೊಳ್ಳುವುದು ಎಂಬ ಪ್ರಶ್ನೆಗಳಿಗೆಲ್ಲ ಈ ಎರಡು ಷರತ್ತುಗಳೇ ಅಳತೆಗೋಲು. ಮುಚ್ಚಿಡಲು ಬಾರದ ಆಯುಧ ಕಾನೂನಿಗೆ ಹೊಂದುವುದಿಲ್ಲ. ಹಿಡಿತಕ್ಕೆ ಬಾರದ ಆಯುಧ ಮೊದಲು ಅಪಾಯ ತರುವುದು ಒಯ್ಯುವವನಿಗೇ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇಂಥ ಆಯುಧದ ಯೋಚನೆ ಬರುವುದು ಹೆಚ್ಚಾಗಿ ರೊಕ್ಕದ ವ್ಯವಹಾರ ಇರುವ ಕಡೆ. ನಿಪ್ಪಾಣಿಯ ತಂಬಾಕು ವಖಾರಿ, ಪೇಟೆಯ ಸರಾಫ ಅಂಗಡಿ, ಅಡತಿ ವ್ಯಾಪಾರ, ಪೆಟ್ರೋಲ್ ಪಂಪು, ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಗುತ್ತಿಗೆ ಇಂಥವು ಅವು. ಊರಿನಿಂದ ದೂರ ತೋಟದ ವಸ್ತಿಯಲ್ಲಿ ಮನೆ ಮಾಡಿಕೊಂಡವರೂ ಈ ವಿಚಾರ ಮಾಡುವುದುಂಟು. ಅವರು ಅಂಗಡಿಗೆ ಹೋಗುವ ಮುನ್ನ ಪರವಾನಗಿಯ ದಾರಿಯನ್ನು ತಿಳಿದಿರಬೇಕು. ಕೊಳ್ಳಬಹುದಾದ ಆಯುಧ ಯಾವುದು ಎಂಬುದನ್ನು ಅರ್ಧದಷ್ಟು ಪರವಾನಗಿಯೇ ತೀರ್ಮಾನಿಸುತ್ತದೆ.

ಪರವಾನಗಿ

1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನಂತೆ ಪರವಾನಗಿ ಇಲ್ಲದೆ ಬಂದೂಕು ಕೊಳ್ಳುವುದು, ಇಟ್ಟುಕೊಳ್ಳುವುದು, ಒಯ್ಯುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ರಾಜ್ಯದ ಉಳಿದ ಭಾಗಕ್ಕೆ ಅನ್ವಯಿಸುವುದಿಲ್ಲ. ಈ ಐದು ತಾಲ್ಲೂಕುಗಳ ಅರ್ಜಿಗಳನ್ನು ತೀರ್ಮಾನಿಸುವ ಪರವಾನಗಿ ಪ್ರಾಧಿಕಾರ ಬೆಳಗಾವಿಯ ಜಿಲ್ಲಾಧಿಕಾರಿ. ಅರ್ಜಿದಾರ ವಾಸಿಸುವ ಊರಿನ ಪೊಲೀಸ್ ಠಾಣೆಯಿಂದ ವರದಿ ಹೋಗುತ್ತದೆ. ಅವನ ಮೇಲೆ ಪ್ರಕರಣಗಳಿವೆಯೇ, ನಡತೆ ಹೇಗೆ, ಆಯುಧದ ಅಗತ್ಯ ನಿಜವೇ ಎಂಬುದನ್ನು ಠಾಣೆ ವಿಚಾರಿಸುತ್ತದೆ. 21 ವರ್ಷ ತುಂಬದವರಿಗೆ ಕೈಬಂದೂಕಿನ ಪರವಾನಗಿ ಸಿಗದು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರಿಗೆ ಶಿಕ್ಷೆ ಮುಗಿದ ಮೇಲೂ 5 ವರ್ಷ ನಿರ್ಬಂಧವಿರುತ್ತದೆ.

ಹೊಲ ಕಾಯುವ ಬಂದೂಕಿಗೂ ಕೈಬಂದೂಕಿಗೂ ಕಾಯ್ದೆ ಬೇರೆ ಬೇರೆ ಬಾಗಿಲು ಇಟ್ಟಿದೆ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು, ಸ್ವರಕ್ಷಣೆಗೆ ಇಲ್ಲವೇ ಕ್ರೀಡೆಗೆ ಒಳಮೈ ನಯವಾದ ಉದ್ದ ನಳಿಗೆಯ ಬಂದೂಕು ಕೇಳುವವರ ದಾರಿ ಹೋಲಿಕೆಯಲ್ಲಿ ಸುಲಭ. ರಿವಾಲ್ವರ್ ಅಥವಾ ಪಿಸ್ತೂಲು ಕೇಳುವವರು ಯೋಗ್ಯ ಕಾರಣವನ್ನು ತೋರಿಸಿಕೊಡಬೇಕು. ಕಸುಬು ಅಥವಾ ವ್ಯಾಪಾರದ ಸ್ವರೂಪದಿಂದಾಗಿ ಜೀವ ಅಥವಾ ಆಸ್ತಿಯ ರಕ್ಷಣೆ ನಿಜವಾಗಿಯೂ ಬೇಕಾಗಿದೆ ಎಂಬುದಕ್ಕೆ ಆಧಾರ ಇರಬೇಕು. ಹಿಂದೆ ಬೆದರಿಕೆ ಬಂದಿದ್ದರೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ವ್ಯಾಪಾರದ ಲೈಸೆನ್ಸು, ತೆರಿಗೆ ಪತ್ರಗಳು, ನಗದು ಸಾಗಣೆಯ ವಿವರ ಇಂಥವನ್ನು ಅರ್ಜಿಯೊಂದಿಗೆ ಕೊಟ್ಟರೆ ಕಾರಣಕ್ಕೆ ಬಲ ಬರುತ್ತದೆ. ಮನೆತನದ ಪ್ರತಿಷ್ಠೆ ಕಾರಣವಾಗುವುದಿಲ್ಲ.

ಒಬ್ಬರ ಹೆಸರಿನಲ್ಲಿ ಎಷ್ಟು ಬಂದೂಕು ಇರಬಹುದು ಎಂಬುದನ್ನೂ ಮೊದಲೇ ಎಣಿಸಬೇಕು. 2019ರ ತಿದ್ದುಪಡಿಯು ಈ ಮಿತಿಯನ್ನು 3ರಿಂದ 2ಕ್ಕೆ ಇಳಿಸಿತು. ಅಪ್ಪನಿಂದ ಬಂದ ಜೋಡುನಳಿಗೆ ಬಂದೂಕೊಂದು, ಹೊಲ ಕಾಯುವ ಬಂದೂಕೊಂದು ಈಗಾಗಲೇ ಹೆಸರಿನಲ್ಲಿದ್ದರೆ ಕೈಬಂದೂಕಿಗೆ ಜಾಗ ಉಳಿಯುವುದಿಲ್ಲ. ಅವುಗಳಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಇದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಪರವಾನಗಿಯ ವಿವರ ರಾಷ್ಟ್ರೀಯ ದತ್ತಾಂಶ ಕೋಶದಲ್ಲಿ ದಾಖಲಾಗಿ ವಿಶಿಷ್ಟ ಗುರುತಿನ ಸಂಖ್ಯೆ ಸಿಕ್ಕಿರಬೇಕು. ಈ ಸಂಖ್ಯೆ ಇಲ್ಲದ ಹಳೆಯ ಪರವಾನಗಿ ಪುಸ್ತಕವನ್ನು ನಂಬಿ ಆಯುಧ ಒಯ್ಯಬಾರದು.

ಅರ್ಜಿದಾರರು ಆಯುಧ ಹಾಗೂ ಮದ್ದುಗುಂಡಿನ ಸುರಕ್ಷತೆಯ ತರಬೇತಿ ಪಡೆದಿರಬೇಕು ಮತ್ತು ಆಯುಧವನ್ನು ಭದ್ರವಾಗಿ ಇಡುವೆವೆಂಬ ಮುಚ್ಚಳಿಕೆ ಬರೆದುಕೊಡಬೇಕು. ರಾಜ್ಯದ ಜಿಲ್ಲಾ ಪೊಲೀಸ್ ಘಟಕಗಳು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಹೊಸಬರಿಗೆ ಒಳ್ಳೆಯ ಆರಂಭ. ಅಲ್ಲಿ ಒಮ್ಮೆ ಗುಂಡು ಹಾರಿಸಿ ನೋಡಿದ ಮೇಲೆ ಕೈಬಂದೂಕು ತಮಗೆ ಬೇಡವೆಂದು ಅನಿಸಿದರೆ ಆ ತೀರ್ಮಾನಕ್ಕೂ ಬೆಲೆಯಿದೆ.

ಗಡಿ ದಾಟುವ ಪ್ರಶ್ನೆ

ಪರವಾನಗಿ ಎಲ್ಲಿಯವರೆಗೆ ಊರ್ಜಿತ ಎಂಬುದು ಆ ಪತ್ರದಲ್ಲೇ ಬರೆದಿರುತ್ತದೆ. ಈ ಭಾಗದವರಿಗೆ ಆ ಸಾಲು ಬಹಳ ಮುಖ್ಯ. ನಿಪ್ಪಾಣಿಯವರ ವ್ಯವಹಾರ ಕೊಲ್ಹಾಪುರ, ಇಚಲಕರಂಜಿಯೊಂದಿಗೆ. ಕಾಗವಾಡದವರ ದವಾಖಾನೆಯೂ ಪೇಟೆಯೂ ಮೀರಜ್, ಸಾಂಗಲಿ. ಅಥಣಿಯ ಉತ್ತರದ ಹಳ್ಳಿಗಳಿಗೆ ಜತ್ತ ಹತ್ತಿರ. ದಿನದಲ್ಲಿ ಎರಡು ಸಲ ಮಹಾರಾಷ್ಟ್ರಕ್ಕೆ ಹೋಗಿಬರುವುದು ಇಲ್ಲಿ ಸಾಮಾನ್ಯ. ಪರವಾನಗಿ ಕರ್ನಾಟಕಕ್ಕೆ ಮಾತ್ರ ಸೀಮಿತವಾಗಿದ್ದರೆ ಕೊಗನೊಳ್ಳಿಯ ಬಳಿ ಗಡಿ ದಾಟಿದ ಕೂಡಲೇ ಸೊಂಟದಲ್ಲಿರುವುದು ಪರವಾನಗಿ ಇಲ್ಲದ ಆಯುಧ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡ ಅಪರಾಧಕ್ಕೆ 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷ ಸೆರೆ ಮತ್ತು ದಂಡ ಇದೆ. ಗಡಿಯಾಚೆ ನಿಯಮಿತ ವ್ಯವಹಾರ ಉಳ್ಳವರು ಅರ್ಜಿಯಲ್ಲೇ ಆ ಕಾರಣ ತೋರಿಸಿ ವಿಸ್ತೃತ ವ್ಯಾಪ್ತಿಯನ್ನು ಕೇಳಬೇಕು. ಅದು ಸಿಗುವವರೆಗೆ ಗಡಿ ದಾಟುವ ದಿನ ಆಯುಧ ಮನೆಯ ತಿಜೋರಿಯಲ್ಲೇ ಇರಲಿ.

ವಿಮಾನಯಾನಕ್ಕೂ ಬೇರೆ ಕಟ್ಟುಪಾಡು ಇದೆ. ಸಾಂಬ್ರಾದಿಂದ ಹೊರಟರೂ ಕೊಲ್ಹಾಪುರದಿಂದ ಹೊರಟರೂ ಪ್ರಯಾಣಿಕರು ಕೈಬಂದೂಕನ್ನು ಕ್ಯಾಬಿನ್‌ಗೆ ಒಯ್ಯುವಂತಿಲ್ಲ. ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿ, ಗುಂಡು ತೆಗೆದು, ಪತ್ರಗಳೊಂದಿಗೆ ಲಗೇಜಿನಲ್ಲಿ ಒಪ್ಪಿಸಬೇಕು.

ಯಾವ ಬೋರ್

ಬೋರ್ ಎಂದರೆ ನಳಿಗೆಯ ಒಳವ್ಯಾಸ. ಸೇನೆ ಮತ್ತು ಪೊಲೀಸರು ಬಳಸುವ ಗುಂಡು ಹಾಕಬಲ್ಲ ಆಯುಧಗಳು ನಿಷೇಧಿತ ಬೋರ್‌ನವು. ಸಿನಿಮಾಗಳಲ್ಲಿ ಕಾಣುವ 9 ಮಿ.ಮೀ. ಪಿಸ್ತೂಲು ಆ ಗುಂಪಿಗೆ ಸೇರಿದೆ, ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. ನಿಷೇಧಿತ ಆಯುಧ ಸಿಕ್ಕಿಬಿದ್ದರೆ ಶಿಕ್ಷೆ 7 ವರ್ಷದಿಂದ ಮೇಲೆ. ನಿಷೇಧಿತವಲ್ಲದ ಬೋರ್‌ಗಳಲ್ಲಿ ಮೈಮೇಲೆ ಒಯ್ಯಲು ಬಳಕೆಯಲ್ಲಿರುವವು ಮುಖ್ಯವಾಗಿ ಎರಡು, .32 ಮತ್ತು .22.

.32 ಎಂಬ ಒಂದೇ ಸಂಖ್ಯೆಯಲ್ಲಿ ಎರಡು ಬೇರೆ ಕಾಡತೂಸುಗಳಿವೆ. ರಿವಾಲ್ವರ್‌ಗೆ .32 ಎಸ್ ಅಂಡ್ ಡಬ್ಲ್ಯೂ ಲಾಂಗ್, ಪಿಸ್ತೂಲಿಗೆ .32 ಎಸಿಪಿ, ಎರಡನೆಯದಕ್ಕೆ 7.65 ಮಿ.ಮೀ. ಎಂಬ ಹೆಸರೂ ಇದೆ. ಒಂದರ ಬದಲು ಇನ್ನೊಂದನ್ನು ಹಾಕಬಾರದು. ಅಂಗಡಿಯಲ್ಲಿ ಕಾಡತೂಸು ಕೊಳ್ಳುವಾಗ ಬರೀ “ಬತ್ತೀಸು” ಎಂದು ಕೇಳದೆ ರಿವಾಲ್ವರ್‌ನದೋ ಪಿಸ್ತೂಲಿನದೋ ಎಂದು ಹೇಳಿ, ಡಬ್ಬಿಯ ಮೇಲಿನ ಹೆಸರು ಓದಿ ತೆಗೆದುಕೊಳ್ಳಬೇಕು. ಎಷ್ಟು ಕಾಡತೂಸು ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದೂ ಪರವಾನಗಿಯಲ್ಲಿ ನಮೂದಾಗಿರುತ್ತದೆ.

ಸಣ್ಣ ನಳಿಗೆಯಿಂದ ಹೊರಟ .22 ಗುಂಡಿನ ಶಕ್ತಿ ಸುಮಾರು 100 ಜೌಲ್, .32ರದು ಸುಮಾರು 150ರಿಂದ 175 ಜೌಲ್. ಎರಡೂ 9 ಮಿ.ಮೀ. ಗುಂಡಿನ ಅರ್ಧಕ್ಕೂ ಕಡಿಮೆ. ಬೋರ್‌ನ ಬಲವನ್ನು ನೆಚ್ಚಿಕೊಳ್ಳುವ ಹಾಗಿಲ್ಲದ್ದರಿಂದ ಗುರಿಯೇ ಮುಖ್ಯವಾಗುತ್ತದೆ. ಅದೇ ಕಾರಣಕ್ಕೆ ಆಯುಧ ಕೈಗೆ ಒಗ್ಗುವುದೂ ಅಷ್ಟೇ ಮುಖ್ಯ. .22ರಲ್ಲಿ ಹಿಂದೊದೆತ ತೀರ ಕಡಿಮೆ, ಅಭ್ಯಾಸದ ಖರ್ಚೂ ಕಡಿಮೆ. ಆದರೆ ಅದರ ಮದ್ದು ಹೊತ್ತಿಕೊಳ್ಳದೆ ಗುಂಡು ಹುಸಿಯಾಗುವ ಸಂಭವ .32ಕ್ಕಿಂತ ಹೆಚ್ಚು. ಮಣಿಕಟ್ಟು ದುರ್ಬಲ ಇರುವವರನ್ನು, ವಯಸ್ಸಾದವರನ್ನು ಬಿಟ್ಟರೆ ಉಳಿದವರಿಗೆ .32 ಲೇಸು.

ಪೇಟೆಯಲ್ಲಿ ಸಿಗುವ ಮಾದರಿಗಳು

1980ರ ದಶಕದ ಮಧ್ಯದಿಂದ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವುದಕ್ಕೆ ತಡೆ ಇದೆ. ಹೆಸರಾಂತ ಗುರಿಕಾರರಿಗೆ ಮಾತ್ರ ವಿನಾಯಿತಿ. ಹಾಗಾಗಿ ಹಳೆಯ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ಬಹಳ ದುಬಾರಿ ಬೆಲೆಗೆ ಹೋಗುತ್ತವೆ. ಹೊಸದು ಬೇಕೆನ್ನುವವರಿಗೆ ಇರುವುದು ದೇಶಿ ತಯಾರಿಕೆ. ಸರ್ಕಾರಿ ಆರ್ಡ್‌ನನ್ಸ್ ಕಾರ್ಖಾನೆಗಳನ್ನು 2021ರ ಅಕ್ಟೋಬರ್‌ನಲ್ಲಿ 7 ಕಂಪನಿಗಳಾಗಿ ವಿಂಗಡಿಸಿದ ಮೇಲೆ ಸಣ್ಣ ಆಯುಧಗಳ ತಯಾರಿಕೆ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿದೆ.

ಆರ್ಡ್‌ನನ್ಸ್ ಕಾರ್ಖಾನೆಯ .32 ರಿವಾಲ್ವರ್ ದೇಶದಲ್ಲಿ ಎಲ್ಲರಿಗೂ ಪರಿಚಿತ. ಬ್ರಿಟಿಷರ ಕಾಲದ ವೆಬ್ಲಿ ವಿನ್ಯಾಸದ ವಂಶದ್ದು, ನಡುವೆ ಮುರಿದು ತೆರೆಯುತ್ತದೆ, 6 ಗುಂಡು ಹಿಡಿಯುತ್ತದೆ, ತೂಕ ಸುಮಾರು 700 ಗ್ರಾಂ. 2014ರಲ್ಲಿ ಬಂದ ‘ನಿರ್ಭೀಕ್’ ಅದೇ ಬೋರ್‌ನದು. ಟೈಟಾನಿಯಂ ಮಿಶ್ರಲೋಹ ಬಳಸಿದ್ದರಿಂದ ಅದರ ತೂಕ ಸುಮಾರು 500 ಗ್ರಾಂಗೆ ಇಳಿದಿದೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಬಳಿಕ ಮಹಿಳೆಯರನ್ನು ಮನಸ್ಸಿನಲ್ಲಿಟ್ಟು ತಯಾರಿಸಿದ ಅದರ ಬೆಲೆ ಆಗಲೇ 1,22,000 ರೂಪಾಯಿ ದಾಟಿತ್ತು. 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಪ್ರಬಲ್’ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ; ನಳಿಗೆ 76 ಮಿ.ಮೀ., ತೂಕ 700 ಗ್ರಾಂ ಒಳಗೆ. ‘ನಿಡರ್’ .22 ಬೋರ್‌ನ ಪುಟ್ಟ ರಿವಾಲ್ವರ್, ತೂಕ ಸುಮಾರು 250 ಗ್ರಾಂ. ಪಿಸ್ತೂಲು ಬೇಕೆನ್ನುವವರಿಗೆ ಮ್ಯಾಗಜಿನ್ ಇರುವ .32 ‘ಅಶನಿ’ ಇದೆ. ಖಾಸಗಿ ವಲಯದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗುತ್ತದೆ.

ರಿವಾಲ್ವರೋ ಪಿಸ್ತೂಲೋ

ರಿವಾಲ್ವರ್‌ನ ದೊಡ್ಡ ಗುಣ ಸರಳತೆ. ತೆರೆದರೆ ಸಾಕು, ಸಿಲಿಂಡರ್‌ನ ಎಷ್ಟು ಮನೆಗಳಲ್ಲಿ ಗುಂಡಿದೆ, ಎಷ್ಟು ಖಾಲಿ ಎಂಬುದು ಕಣ್ಣಿಗೆ ಕಾಣುತ್ತದೆ. ಒಂದು ಗುಂಡು ಹುಸಿಯಾದರೆ ಟ್ರಿಗರ್ ಮತ್ತೊಮ್ಮೆ ಎಳೆದಾಗ ಮುಂದಿನ ಮನೆ ಸರಿದು ಬರುತ್ತದೆ. ಟ್ರಿಗರ್ ಉದ್ದಕ್ಕೆ ಮತ್ತು ಬಿಗಿಯಾಗಿ ಎಳೆಯಬೇಕಾದ್ದರಿಂದ ಕೈತಪ್ಪಿ ಹಾರುವ ಸಂಭವವೂ ಕಡಿಮೆ. ಆದರೆ ಆ ಬಿಗಿತವೇ ಗುರಿ ಕದಲಿಸುತ್ತದೆ, ಅಭ್ಯಾಸವಿಲ್ಲದವರಿಗೆ ಕಷ್ಟ. ಸಿಲಿಂಡರ್ ದಪ್ಪ ಇರುವುದರಿಂದ ಸೊಂಟದಲ್ಲಿ ಉಬ್ಬು ಕಾಣುತ್ತದೆ.

ಪಿಸ್ತೂಲು ಚಪ್ಪಟೆ, ಅಂಗಿಯ ಕೆಳಗೆ ಚೆನ್ನಾಗಿ ಅಡಗುತ್ತದೆ. ಮ್ಯಾಗಜಿನ್‌ನಲ್ಲಿ ಗುಂಡು ಹೆಚ್ಚು ಹಿಡಿಸುತ್ತವೆ, ಬದಲಿಸುವುದೂ ಬೇಗ. ಆದರೆ ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಮನೆಯಲ್ಲಿ ನಡೆಯುವ ಎಷ್ಟೋ ಆಕಸ್ಮಿಕಗಳಿಗೆ ಮೂಲ ಈ ಒಂದು ಗುಂಡು. ಸ್ಲೈಡ್ ಎಳೆಯಲು ಬಲ ಬೇಕು, ಗುಂಡು ಸಿಕ್ಕಿಕೊಂಡರೆ ಬಿಡಿಸುವ ಕ್ರಮ ಗೊತ್ತಿರಬೇಕು, ಶುಚಿ ಮಾಡುವ ಕೆಲಸವೂ ಹೆಚ್ಚು. ಅಥಣಿ ಕಡೆಯ ಬೇಸಿಗೆಯ ಧೂಳಿನಲ್ಲಿ, ಕಬ್ಬಿನ ಹಂಗಾಮಿನಲ್ಲಿ ಹೊಲ–ಕಾರ್ಖಾನೆ ನಡುವೆ ದಿನವಿಡೀ ಓಡಾಡುವವರು ಇದನ್ನು ನೆನಪಿಡಬೇಕು.

ತಿಂಗಳಿಗೊಮ್ಮೆಯೂ ಅಭ್ಯಾಸಕ್ಕೆ ಬಿಡುವಿಲ್ಲದವರು ರಿವಾಲ್ವರ್ ಆರಿಸುವುದು ಕ್ಷೇಮ. ಕ್ರಮವಾಗಿ ತರಬೇತಿ ಪಡೆದು, ಅಭ್ಯಾಸ ಬಿಡದವರಿಗೆ ಮಾತ್ರ ಪಿಸ್ತೂಲಿನ ಚಪ್ಪಟೆತನದ ಲಾಭ ದಕ್ಕುತ್ತದೆ.

ಗಾತ್ರ, ತೂಕ, ಕೈಯಳತೆ

ಸಣ್ಣದಾದಷ್ಟೂ ಒಳ್ಳೆಯದೆಂಬುದು ಕೊಳ್ಳುವವರ ಸಾಮಾನ್ಯ ತಪ್ಪು ತಿಳಿವಳಿಕೆ. ಒಂದೇ ಗುಂಡನ್ನು 700 ಗ್ರಾಂ ರಿವಾಲ್ವರ್‌ನಿಂದಲೂ 500 ಗ್ರಾಂ ರಿವಾಲ್ವರ್‌ನಿಂದಲೂ ಹಾರಿಸಿದರೆ ಹಗುರವಾದದ್ದೇ ಹೆಚ್ಚು ಒದೆಯುತ್ತದೆ. ಹಿಡಿ ಚಿಕ್ಕದಾದರೆ ಕಿರುಬೆರಳು ಗಾಳಿಯಲ್ಲಿ ಉಳಿದು ಹಿಡಿತ ಸಡಿಲಾಗುತ್ತದೆ. ನಳಿಗೆ ಕಿರಿದಾದರೆ ಹಿಂದಿನ ಮತ್ತು ಮುಂದಿನ ಗುರಿಮಣಿಗಳ ನಡುವಿನ ಅಂತರ ಕುಗ್ಗಿ, ಗುರಿಯಲ್ಲಿ ಆಗುವ ಕೂದಲೆಳೆಯ ದೋಷ ದೂರದಲ್ಲಿ ಗೇಣಿನಷ್ಟಾಗುತ್ತದೆ. ಇತ್ತ ತೂಕ ಹೆಚ್ಚಾದರೆ ಮೂರನೆಯ ದಿನಕ್ಕೆ ಆಯುಧ ಮನೆಯಲ್ಲೋ ಗಾಡಿಯ ಡಬ್ಬಿಯಲ್ಲೋ ಉಳಿಯುತ್ತದೆ. ಗಾಡಿಯಲ್ಲಿ ಬಿಟ್ಟ ಆಯುಧ ಯಾರ ಹಿಡಿತದಲ್ಲೂ ಇರುವುದಿಲ್ಲ.

ಅಂಗಡಿಯಲ್ಲಿ ಗುಂಡಿಲ್ಲದ ಆಯುಧವನ್ನು ಕೈಗೆ ತೆಗೆದುಕೊಂಡು ನೋಡಬೇಕಾದ ಅಂಶಗಳು ಇವು. ಮಧ್ಯ, ಉಂಗುರ, ಕಿರುಬೆರಳುಗಳಿಗೆ ಹಿಡಿಯಲ್ಲಿ ಜಾಗವಿದೆಯೇ? ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್‌ಗೆ ಸಹಜವಾಗಿ ತಲುಪುತ್ತದೆಯೇ? ಹ್ಯಾಮರ್ ಹಿಂದೆಳೆಯದೆ, ಟ್ರಿಗರ್ ಒಂದನ್ನೇ ಎಳೆದಾಗ ಗುರಿಮಣಿ ಎಷ್ಟು ಅಲುಗುತ್ತದೆ? ಹ್ಯಾಮರ್‌ನ ಕೊಕ್ಕೆ ಅಂಗಿಯ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಯೇ? ಕನ್ನಡಕ ತೆಗೆದರೂ ಮುಂದಿನ ಗುರಿಮಣಿ ಕಾಣುತ್ತದೆಯೇ? ಪಿಸ್ತೂಲಾದರೆ ಸ್ಲೈಡ್ ಅನ್ನು ಬೆವರಿದ ಕೈಯಲ್ಲೂ ಎಳೆಯಲಾಗುತ್ತದೆಯೇ? ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಬೆಲೆ ಎಷ್ಟೇ ಇಳಿಸಿ ಹೇಳಿದರೂ ಕೊಳ್ಳಬಾರದು.

ಕೆಳಗೆ ಬಿದ್ದಾಗ ಆಯುಧ ತಾನಾಗಿ ಹಾರದಂತೆ ತಡೆ ಇದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಹಳೆಯ ಕಾಲದ ಅನೇಕ ರಿವಾಲ್ವರ್‌ಗಳಲ್ಲಿ ಹ್ಯಾಮರ್ ನೇರ ಗುಂಡಿನ ಮೇಲೆಯೇ ಕೂತಿರುತ್ತದೆ, ಬಿದ್ದ ಹೊಡೆತಕ್ಕೆ ಹಾರಬಹುದು. ಅಂಥದ್ದನ್ನು ಒಯ್ಯಲೇಬೇಕಾದರೆ ಹ್ಯಾಮರ್ ಕೆಳಗಿನ ಮನೆಯನ್ನು ಖಾಲಿ ಬಿಡುವುದು ಹಳೆಯ, ಒಳ್ಳೆಯ ಪದ್ಧತಿ.

ಬಳಸಿದ ಆಯುಧ ಕೊಳ್ಳುವಾಗ

ಪರವಾನಗಿದಾರನೊಬ್ಬ ಇನ್ನೊಬ್ಬ ಪರವಾನಗಿದಾರನಿಗೆ ಆಯುಧ ಮಾರಬಹುದು. ಆದರೆ ಜಿಲ್ಲಾಧಿಕಾರಿಗೂ ಹತ್ತಿರದ ಠಾಣೆಗೂ ಬರಹದಲ್ಲಿ ತಿಳಿಸಿ 45 ದಿನ ಕಳೆದ ಮೇಲೆಯೇ ಕೈಬದಲಾಗಬೇಕು. ನಳಿಗೆಯ ಒಳಗೆ ಬೆಳಕು ಹಿಡಿದು ನೋಡಿ ತುಕ್ಕಿನ ಗುಳಿ, ಉಬ್ಬು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹ್ಯಾಮರ್ ಏರಿಸಿದಾಗ ಸಿಲಿಂಡರ್‌ನ ಪ್ರತಿ ಮನೆಯೂ ನಳಿಗೆಗೆ ಸರಿಯಾಗಿ ಎದುರಾಗಿ ಗಟ್ಟಿಯಾಗಿ ನಿಲ್ಲಬೇಕು. ಅಲುಗಾಡಿದರೆ ಗುಂಡು ನಳಿಗೆಯ ಅಂಚಿಗೆ ಬಡಿದು ಸೀಸದ ಚೂರು ಸಿಡಿಯುತ್ತದೆ. ಆಯುಧದ ಮೇಲಿನ ಸಂಖ್ಯೆ ಪರವಾನಗಿಯಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಸಂಖ್ಯೆ ಉಜ್ಜಿದ ಗುರುತು ಕಂಡರೆ ಅಲ್ಲಿಂದ ಎದ್ದುಬರಬೇಕು.

ಕಾಗದವಿಲ್ಲದ ನಾಡ ಪಿಸ್ತೂಲು ಯಾವ ಬೆಲೆಗೂ ಆಯ್ಕೆಯಲ್ಲ. ಅದರ ನಳಿಗೆಯ ಉಕ್ಕನ್ನು ಯಾರೂ ಪರೀಕ್ಷಿಸಿರುವುದಿಲ್ಲ, ಅದು ಹಿಡಿದ ಕೈಯಲ್ಲೇ ಒಡೆಯಬಹುದು. ಕಾನೂನಿನ ಎದುರು ಅದಕ್ಕೆ ಯಾವ ಸಮಜಾಯಿಷಿಯೂ ನಿಲ್ಲುವುದಿಲ್ಲ.

ಹೋಲ್‌ಸ್ಟರ್ ಮತ್ತು ಉಡುಪು

ಹೋಲ್‌ಸ್ಟರ್ ಆಯುಧದಷ್ಟೇ ಮುಖ್ಯ. ಒಳ್ಳೆಯ ಹೋಲ್‌ಸ್ಟರ್ ಟ್ರಿಗರ್ ಮತ್ತು ಅದರ ಸುತ್ತಿನ ಬಳೆಯನ್ನು ಪೂರ್ತಿ ಮುಚ್ಚುತ್ತದೆ. ಬಗ್ಗಿದರೂ ಓಡಿದರೂ ಆಯುಧ ಜಾರುವುದಿಲ್ಲ. ಆಯುಧ ತೆಗೆದ ಮೇಲೂ ಅದರ ಬಾಯಿ ತೆರೆದೇ ಇರುತ್ತದೆ. ಮೆತ್ತನೆಯ ಬಟ್ಟೆಯ ಚೀಲದ ಬಾಯಿ ಮುಚ್ಚಿಕೊಂಡು, ಆಯುಧ ಮರಳಿ ಸೇರಿಸುವಾಗ ಮಡಿಕೆ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರುವ ಅಪಾಯವಿದೆ. ಹೋಲ್‌ಸ್ಟರ್ ಇಲ್ಲದೆ ಪ್ಯಾಂಟಿನ ಕಿಸೆಯಲ್ಲಿ, ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದು ನಿಯಮಕ್ಕೂ ವಿರುದ್ಧ, ಜೀವಕ್ಕೂ ಅಪಾಯ.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಿಗರು ಗಿಡದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ ಚರ್ಮದಿಂದ ಆ ಚಪ್ಪಲಿ ಮಾಡುತ್ತಾರೆ. ಹೋಲ್‌ಸ್ಟರ್‌ಗೂ ಬೇಕಾದದ್ದು ಇಂಥ ಗಟ್ಟಿ, ಆಕಾರ ಹಿಡಿಯುವ ಚರ್ಮ. ಹೇಳಿ ಮಾಡಿಸುವವರು ಒಂದನ್ನು ಮರೆಯಬಾರದು: ಅಳತೆಗೆ ಆಯುಧವನ್ನು ಬಿಟ್ಟುಬರುವಂತಿಲ್ಲ. ಗುಂಡು ತೆಗೆದು, ಪರವಾನಗಿದಾರ ಎದುರಿಗೇ ಕೂತು ಅಳತೆ ಕೊಡಬೇಕು. ಬೆವರು, ಮಳೆಗೆ ಚರ್ಮ ನೆನೆಯುವುದರಿಂದ ರಾತ್ರಿ ಆಯುಧವನ್ನು ಅದರಲ್ಲೇ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಕಾಡತೂಸಿನ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ.

ಕಟ್ಟಿಕೊಳ್ಳುವ ಜಾಗ ಉಡುಪಿನ ಮೇಲೆ ನಿಂತಿದೆ. ಪ್ಯಾಂಟು ಹಾಕುವವರಿಗೆ ಬಲಗೈಯವರಾದರೆ ಬಲ ಸೊಂಟದ ಹಿಂಬದಿ, ಪ್ಯಾಂಟಿನ ಒಳಬದಿಗೆ ಸಿಕ್ಕುವ ಹೋಲ್‌ಸ್ಟರ್ ಅನುಕೂಲ. ಬಗ್ಗದ ಗಟ್ಟಿ ಪಟ್ಟಿ ಬೇಕು, ಅಂಗಿಯನ್ನು ಹೊರಗೆ ಬಿಟ್ಟಿರಬೇಕು. ಮೋಟರ್ ಸೈಕಲ್ ಮೇಲೆ ಮುಂದಕ್ಕೆ ಬಾಗಿದಾಗ ಅಂಗಿ ಮೇಲೇರಿ ಆಯುಧ ಕಾಣುತ್ತದೆ, ಅಂಥವರಿಗೆ ಇನ್ನಷ್ಟು ಉದ್ದದ ಅಂಗಿ ಬೇಕು. ಧೋತರ ಉಡುವ ಹಿರಿಯರಿಗೆ ಸೊಂಟದ ಪಟ್ಟಿ ಒಗ್ಗದು. ಅಂಗಿಯ ಕೆಳಗೆ ಹೆಗಲಿನಿಂದ ಇಳಿಬಿಡುವ ಹೋಲ್‌ಸ್ಟರ್ ಮೇಲು. ಸೀರೆ ಉಡುವವರಿಗೆ ಉಳಿಯುವುದು ಬಹುತೇಕ ಚೀಲದ ದಾರಿಯೇ. ಆ ಚೀಲದಲ್ಲಿ ಆಯುಧಕ್ಕೆ ಪ್ರತ್ಯೇಕ ಅರೆ ಇರಬೇಕು, ಅದರೊಳಗೂ ಟ್ರಿಗರ್ ಮುಚ್ಚಿರಬೇಕು. ಬಸ್ಸಿನ ಸೀಟಿನ ಮೇಲೆ, ಮದುವೆ ಮನೆಯ ಖೋಲಿಯಲ್ಲಿ ಚೀಲ ಇಟ್ಟು ಎದ್ದುಹೋದ ಕ್ಷಣವೇ ಹಿಡಿತ ತಪ್ಪುತ್ತದೆ.

ಹೊಸ ಹೋಲ್‌ಸ್ಟರನ್ನು ಗುಂಡಿಲ್ಲದ ಆಯುಧದೊಂದಿಗೆ ಮನೆಯಲ್ಲೇ ಕೆಲವು ದಿನ ಕಟ್ಟಿಕೊಂಡು ನೋಡಬೇಕು. ಕೂತು, ಎದ್ದು, ಚಪ್ಪಲಿ ಹಾಕಿಕೊಳ್ಳಲು ಬಗ್ಗಿ, ಮೇಲಿನ ಸಾಮಾನಿಗೆ ಕೈಚಾಚಿ, ಎಲ್ಲಿ ಕಾಣುತ್ತದೆ, ಎಲ್ಲಿ ಒತ್ತುತ್ತದೆ ಎಂಬುದನ್ನು ಮನೆಯವರಿಂದ ಕೇಳಿ ತಿಳಿಯಬೇಕು.

ಅಭ್ಯಾಸ

ಪ್ರತಿಯೊಂದು ಆಯುಧವನ್ನೂ ಗುಂಡು ತುಂಬಿದ್ದೆಂದೇ ಭಾವಿಸಬೇಕು. ಹೊಡೆಯಬಾರದ ಯಾವುದರ ಕಡೆಗೂ ನಳಿಗೆ ತಿರುಗಿಸಬಾರದು. ಗುರಿ ಕೂಡುವವರೆಗೆ ಬೆರಳು ಟ್ರಿಗರ್‌ನ ಹೊರಗಿರಬೇಕು. ಗುರಿಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. ಈ ನಾಲ್ಕರಲ್ಲಿ ಒಂದನ್ನೂ ಮುರಿಯದಿದ್ದರೆ ಆಕಸ್ಮಿಕಕ್ಕೆ ದಾರಿಯೇ ಇಲ್ಲವೆನ್ನಬಹುದು.

ಗುಂಡು ಹಾರಿಸುವ ಅಭ್ಯಾಸ ಮಾನ್ಯತೆ ಪಡೆದ ಗುರಿಮೈದಾನದಲ್ಲಿ ಮಾತ್ರ. ತೋಟದಲ್ಲಿ, ಹೊಳೆಯ ದಂಡೆಯಲ್ಲಿ ಗುರಿ ಕಟ್ಟಿ ಹೊಡೆಯಬಾರದು; ಕಬ್ಬಿನ ಮರೆಯಲ್ಲಿ ಯಾರಿದ್ದಾರೆಂಬುದು ಕಾಣುವುದೂ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡುವವರು ನಿಜ ಕಾಡತೂಸುಗಳನ್ನು ಬೇರೆ ಖೋಲಿಯಲ್ಲಿ ಬೀಗ ಹಾಕಿ, ಅಣಕು ಕಾಡತೂಸು ಬಳಸಿ, ಭದ್ರ ಗೋಡೆಯ ಕಡೆ ಮುಖ ಮಾಡಿ ಟ್ರಿಗರ್ ಎಳೆಯುವುದನ್ನು ರೂಢಿಸಿಕೊಳ್ಳಬಹುದು.

ಎಲ್ಲಿ ಒಯ್ಯಬಾರದು, ಯಾವಾಗ ಬಳಸಬಹುದು

ಜಾತ್ರೆ, ಮದುವೆ, ವಿಜಯದ ಮೆರವಣಿಗೆಗಳಲ್ಲಿ ಹರ್ಷಕ್ಕೆಂದು ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಆಯುಧ ತೆಗೆದು ಝಳಪಿಸುವುದಕ್ಕೂ ನಿಷೇಧವಿದೆ. ಚಿಂಚಲಿ ಮಾಯಕ್ಕನ ಜಾತ್ರೆಯಂಥ ದಟ್ಟಣೆಯಲ್ಲಿ ಆಯುಧ ಕಟ್ಟಿಕೊಂಡು ಹೋಗದಿರುವುದೇ ವಿವೇಕ; ನೂಕುನುಗ್ಗಲಲ್ಲಿ ಅದರ ಮೇಲೆ ಹಿಡಿತ ಉಳಿಯುವುದಿಲ್ಲ. ಮದ್ಯ ಕುಡಿದಾಗ, ನಿದ್ದೆ ತರುವ ಔಷಧಿ ಸೇವಿಸಿದಾಗ ಆಯುಧ ಬೀಗದೊಳಗಿರಬೇಕು. ಸರ್ಕಾರ ಆಯುಧಮುಕ್ತವೆಂದು ಘೋಷಿಸಿದ ಪ್ರದೇಶಗಳಲ್ಲಿ, ಜಿಲ್ಲಾಡಳಿತದ ನಿಷೇಧಾಜ್ಞೆ ಇರುವ ದಿನಗಳಲ್ಲಿ ಪರವಾನಗಿ ಇದ್ದರೂ ಒಯ್ಯುವಂತಿಲ್ಲ.

ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಹುಟ್ಟುವುದಿಲ್ಲ. ಸಾವು ಅಥವಾ ತೀವ್ರ ಗಾಯವಾಗುವ ನ್ಯಾಯವಾದ ಭಯ ಹುಟ್ಟಿಸುವ ಹಲ್ಲೆಯಂಥ ಕೆಲವೇ ಸಂದರ್ಭಗಳಲ್ಲಿ ಮಾರಕ ಬಲಕ್ಕೆ ಕಾನೂನು ಅವಕಾಶ ಕೊಡುತ್ತದೆ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ, ಬದುವಿನ ಜಗಳದಲ್ಲಿ, ಬೈಗುಳಕ್ಕೆ ಉತ್ತರವಾಗಿ ಹಾರಿಸಿದ ಗುಂಡಿಗೆ ಆ ರಕ್ಷಣೆ ಸಿಗದು. ಕೈಬಂದೂಕು ಕೊನೆಯ ಉಪಾಯ. ರೊಕ್ಕವನ್ನು ಬ್ಯಾಂಕಿನ ಮೂಲಕ ಸಾಗಿಸುವುದು, ದಾರಿ ಮತ್ತು ಹೊತ್ತು ಬದಲಿಸುವುದು, ಜೊತೆಗಾರರನ್ನು ಕರೆದೊಯ್ಯುವುದು, ವಖಾರಿಗೆ ಕ್ಯಾಮೆರಾ ಹಾಕಿಸುವುದು ಅದಕ್ಕಿಂತ ಮೊದಲು ಬರಬೇಕು.

ಮನೆಯಲ್ಲಿ ಇಡುವ ಕ್ರಮ

ಮೈಮೇಲಿಲ್ಲದ ಹೊತ್ತಿನಲ್ಲಿ ಆಯುಧ ಗುಂಡಿಲ್ಲದೆ, ಗೋಡೆಗೆ ಬಿಗಿದ ತಿಜೋರಿಯಲ್ಲಿ, ಕಾಡತೂಸು ಬೇರೆ ಬೀಗದಲ್ಲಿ ಇರಬೇಕು. ಬೀಗದಕೈ ಪರವಾನಗಿದಾರನ ಹತ್ತಿರ ಮಾತ್ರ. ದಿಂಬಿನ ಕೆಳಗೆ, ಬಟ್ಟೆಯ ಕಪಾಟಿನಲ್ಲಿ ಇಟ್ಟ ಆಯುಧವನ್ನು ಮಕ್ಕಳು ಹುಡುಕಿಯೇ ಹುಡುಕುತ್ತಾರೆ. ಬೆವರು ತಾಗಿದ ದಿನ ರಾತ್ರಿಯೇ ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರಬೇಕು, ತಿಜೋರಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಬೇಕು.

ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಹಳ್ಳಿಗಳಿಗೆ ಇನ್ನೊಂದು ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ನೆರೆ ಬಂದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ನೀರು ಏರುವ ಸೂಚನೆ ಸಿಕ್ಕ ಕೂಡಲೇ ಆಯುಧವನ್ನು ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಕಾಳಜಿ ಕೇಂದ್ರಕ್ಕೆ ಆಯುಧದೊಂದಿಗೆ ಹೋಗಬಾರದು.

ಚುನಾವಣೆ ಘೋಷಣೆಯಾದಾಗಲೂ ಠೇವಣಿಯ ಸೂಚನೆ ಬರುತ್ತದೆ. ಜಿಲ್ಲಾ ಪರಿಶೀಲನಾ ಸಮಿತಿ ಪರವಾನಗಿಗಳನ್ನು ಪರಿಶೀಲಿಸುತ್ತದೆ. ವಿನಾಯಿತಿ ಬೇಕಾದವರು ಕಾರಣ ಬರೆದು ಗಡುವಿನೊಳಗೆ ಅರ್ಜಿ ಕೊಡಬೇಕು. ಠೇವಣಿಯ ರಸೀದಿಯಲ್ಲಿ ಆಯುಧದ ಸಂಖ್ಯೆ, ಕಾಡತೂಸಿನ ಎಣಿಕೆ ಸರಿಯಿದೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು.

ನವೀಕರಣ ಮತ್ತು ಬಿಟ್ಟುಕೊಡುವುದು

ಅವಧಿ ಮುಗಿಯುವ ಕನಿಷ್ಠ ಎರಡು ತಿಂಗಳು ಮೊದಲೇ ನವೀಕರಣದ ಅರ್ಜಿ ಹಾಕುವುದು ಒಳಿತು. ಅಥಣಿ, ಕಾಗವಾಡದವರಿಗೆ ಬೆಳಗಾವಿ ದೂರ, ಕೊನೆಯ ವಾರಕ್ಕೆ ಬಿಟ್ಟರೆ ಅವಧಿ ಮೀರುತ್ತದೆ. ರಿಪೇರಿಗೆ, ನವೀಕರಣಕ್ಕೆ ಅಥವಾ ಪರವಾನಗಿದಾರನದೇ ಬಳಕೆಗೆ ಮಾತ್ರ, ಅವನ ಎದುರಿನಲ್ಲಿ ಇಲ್ಲವೇ ಅವನ ಲಿಖಿತ ಅನುಮತಿಯೊಂದಿಗೆ, ಇನ್ನೊಬ್ಬರು ಆಯುಧ ಒಯ್ಯಬಹುದು. ಮಗನಿಗೋ ಚಾಲಕನಿಗೋ ಒಂದು ದಿನದ ಮಟ್ಟಿಗೆ ಕಟ್ಟಿಕೊಳ್ಳಲು ಕೊಡುವಂತಿಲ್ಲ. ಆಯುಧ ಕಳೆದರೆ ಅಥವಾ ಕಳುವಾದರೆ ತಡಮಾಡದೆ ಠಾಣೆಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಬೇಕು. ತಡವಾದಷ್ಟೂ ಆ ಆಯುಧದಿಂದ ನಡೆದ ಕೃತ್ಯದ ಅನುಮಾನ ಮಾಲೀಕನ ಮೇಲೆ ಬರುತ್ತದೆ.

ಪರವಾನಗಿದಾರ ತೀರಿಕೊಂಡರೆ ಆಯುಧ ಆಸ್ತಿಯಂತೆ ತಾನಾಗಿ ಮಕ್ಕಳ ಕೈಗೆ ಬರುವುದಿಲ್ಲ. ಮನೆಯವರು ಅದನ್ನು ಬೇಗ ಠಾಣೆಯಲ್ಲೋ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ವಾರಸುದಾರರಲ್ಲಿ ಅರ್ಹರು ತಮ್ಮ ಹೆಸರಿಗೆ ಪರವಾನಗಿ ಕೇಳಬೇಕು, ಇಲ್ಲವೇ ಮಾರಬೇಕು. ವ್ಯಾಪಾರ ನಿಂತು, ನಗದು ಸಾಗಣೆ ತಪ್ಪಿ, ಅಪಾಯ ಕಳೆದ ಮೇಲೆ ಆಯುಧ ಇಟ್ಟುಕೊಳ್ಳುವ ಕಾರಣವೂ ಉಳಿಯುವುದಿಲ್ಲ. ಆಗ ಅದನ್ನು ಕ್ರಮಬದ್ಧವಾಗಿ ಮಾರಿ ಪರವಾನಗಿಯನ್ನು ಒಪ್ಪಿಸುವುದಕ್ಕೆ ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಸಾಕು.